ಪೇರೂರಿನ ಸಾಕ್ಷ್ಯವನ್ನು ತುಂಡರಿಸಬೇಡಿರಿ

ಕರ್ನಾಟಕ ಸರ್ಕಾರವು 2015ರಲ್ಲಿ ಆರಂಭಿಸಿ 2019ರಲ್ಲಿ ಕೈಬಿಟ್ಟ ಟಿಪ್ಪು ಜಯಂತಿಯಿಂದ ಹೊತ್ತಿಕೊಂಡ ವಿವಾದವು ಇನ್ನೂ ಆರಿಲ್ಲ. ಅದರಲ್ಲಿ ಸುಲ್ತಾನನನ್ನು ಹೊಗಳುವವರೂ ತೆಗಳುವವರೂ ಸಮಾನವಾಗಿ ಪ್ರಮಾಣವೆಂದು ಎತ್ತಿಹಿಡಿಯುವ ಗ್ರಂಥವೊಂದುಂಟು: ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಪ್ರವಾಸಕಥನ. ಅದನ್ನು ಪೂರ್ತಿಯಾಗಿ ಓದುವ ಶ್ರದ್ಧೆ ಮಾತ್ರ ಉಭಯ ಪಕ್ಷಗಳಲ್ಲಿಯೂ ಕಾಣದು.

ಆ ದಾರಿಯಲ್ಲಿ ಬುಕಾನನ್, 1799ರವರೆಗೆ ಮೈಸೂರಿನ ಆಳಿಕೆಯಲ್ಲಿದ್ದ ನಮ್ಮ ಕೊಯಮತ್ತೂರಿಗೂ ಬಂದನು. ನೊಯ್ಯಲ್ ನದಿಯ ಬಳಿಯ ಪೇರೂರು ದೇವಾಲಯವನ್ನು ಕುರಿತು ಅವನು ಹೇಳುವುದಿಷ್ಟು: ವಿಗ್ರಹಗಳನ್ನೆಲ್ಲ ನಾಶಗೊಳಿಸಬೇಕೆಂದು ಟಿಪ್ಪು ಆಜ್ಞೆಯಿತ್ತಾಗ ಶ್ರೀರಂಗಪಟ್ಟಣ, ಮೇಲುಕೋಟೆ, ಪೇರೂರುಗಳನ್ನು ಮಾತ್ರ ಹೊರತುಪಡಿಸಿದನು; ಆ ಆಜ್ಞೆ ಆಚರಣೆಗೆ ಬರಲಿಲ್ಲ; ಸುಲ್ತಾನನು ತಾನೇ ನಿಂತು ಕೆಡವಿಸಿದ ಗುಡಿಗಳನ್ನುಳಿದರೆ ಹಾನಿಗೊಂಡವು ಕೆಲವೇ. ಒಬ್ಬನು ಇದರಿಂದ ಆಜ್ಞೆಯನ್ನಷ್ಟೇ ಕಿತ್ತುಕೊಂಡು ವೇದಿಕೆಯೇರಿದರೆ, ಇನ್ನೊಬ್ಬನು ವಿನಾಯಿತಿಯನ್ನಷ್ಟೇ ಹಿಡಿದು ಮೆರೆಸಬಲ್ಲನು. ಇಬ್ಬರೂ ಮಾಡುವುದು ಸಾಕ್ಷಿಯ ನಾಲಗೆಯನ್ನು ಕತ್ತರಿಸುವ ಕೆಲಸವೇ.

ಬುಕಾನನ್ ಸುಲ್ತಾನನನ್ನು ರಣರಂಗದಲ್ಲಿ ಕೊಂದ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಸುಲ್ತಾನನು ಮಡಿದ ಮರುವರ್ಷವೇ ಬಂದವನು. ಹೊಸ ಪ್ರಭುವಿನ ಅಧಿಕಾರಿಯ ಮುಂದೆ ಹಳೆಯ ಪ್ರಭುವನ್ನು ಕುರಿತು ಪ್ರಜೆಗಳು ಆಡುವ ಮಾತು ಎಂಥದೆಂಬುದನ್ನು ಲೋಕವರಿತವರಿಗೆ ಹೇಳಬೇಕಾಗಿಲ್ಲ. ಆದಕಾರಣ ಅವನು ಕಂಡುದನ್ನೂ ಕೇಳಿದುದನ್ನೂ ಬೇರ್ಪಡಿಸಿಯೇ ಓದಬೇಕು. ಆಜ್ಞೆಯ ವೃತ್ತಾಂತ ಅವನು ಕೇಳಿದುದು. ಹೊಲ, ಬಾವಿ, ಮಗ್ಗಗಳು ಅವನು ಕಂಡುವು.

ಕಂಡುದನ್ನು ಬರೆಯುವಲ್ಲಿ ಅವನ ದೃಷ್ಟಿ ಎಷ್ಟು ನಿಶಿತವೆಂಬುದನ್ನು ನಾನು ಬಲ್ಲೆ. ಜೋಡಿಯೆತ್ತುಗಳು ಇಳಿಜಾರಿನಲ್ಲಿ ಮಿಣಿಯನ್ನೆಳೆದೊಯ್ದಂತೆ ತೊಗಲಿನ ಬಾನಿ ಮೇಲೇರಿ ಕಾಲುವೆಗೆ ನೀರು ಸುರಿದು, ಎತ್ತುಗಳು ಹಿಂದಡಿಯಿಟ್ಟಾಗ ಮತ್ತೆ ಬಾವಿಗಿಳಿಯುವ ಕಪಿಲೆಯನ್ನು ನಾನು ಬಾಲ್ಯದಲ್ಲಿ ಅಜ್ಜನ ಹೊಲದಲ್ಲಿ ನೋಡಿದ್ದೆ. ಆ ಕಪಿಲೆಯ ಹೆಸರನ್ನೇ ಬುಕಾನನ್ನನ ಪುಟಗಳಲ್ಲಿ ಕಂಡಾಗ, ಇನ್ನೂರು ವರ್ಷಗಳ ಹಿಂದಿನ ಒಕ್ಕಲಿಗನು ಎದುರಿಗೆ ಬಂದು ನಿಂತಂತಾಯಿತು. ಕಲಹಪ್ರಿಯರಾರೂ ಈ ಪುಟಗಳನ್ನು ಉದ್ಧರಿಸುವುದಿಲ್ಲ.

ಪೇರೂರನ್ನು ವಾದಕ್ಕೆಳೆಯುವವರಲ್ಲಿ ನನ್ನ ಬೇಡಿಕೆ ಒಂದೇ: ಆ ಭಾಗವನ್ನು ಮೊದಲಿನಿಂದ ಕಡೆಯವರೆಗೆ ಓದಿಹೇಳಿರಿ; ಹೇಳಿದವನು ಯಾರು, ಯಾರ ಅನ್ನವುಂಡವನು ಎಂಬುದನ್ನೂ ಜೊತೆಗೇ ಹೇಳಿರಿ. ಅದಾದ ಮೇಲೆ ಟಿಪ್ಪುವನ್ನು ಹೊಗಳುವುದೋ ತೆಗಳುವುದೋ ಕೇಳಿದವರ ವಿವೇಕಕ್ಕೆ ಸೇರಿದ್ದು.