ಸ್ವಂತ ಹೆಸರಿನ ಸರಕು: ಒಂದು ರಾಕ್ ತಂಡ ಕಲಿಸುವ ವ್ಯವಹಾರ

ವಾಣಿಜ್ಯ ಮಾಸಪತ್ರಿಕೆಯಲ್ಲಿ ರಾಕ್ ಸಂಗೀತದ ವಿಚಾರವೇಕೆ ಎಂದು ಓದುಗ ಬಾಂಧವರು ಹುಬ್ಬೇರಿಸಬಹುದು. ಸಂಗೀತ ತಂಡವೂ ಒಂದು ಕಿರು ಉದ್ದಿಮೆಯೇ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಾಲ್ಕಾರು ಜನರ ಪಾಲುದಾರಿಕೆ, ಅಲ್ಪ ಬಂಡವಾಳ, ಉಪಕರಣಗಳ ವೆಚ್ಚ, ಮಾರುಕಟ್ಟೆಯ ಅನಿಶ್ಚಿತತೆ, ಬಾಕಿ ವಸೂಲಿಯ ತಾಪತ್ರಯ ಇವೆಲ್ಲವೂ ಅದಕ್ಕೆ ಉಂಟು. ಕಾಲೇಜು ದಿನಗಳ ಉತ್ಸಾಹದಲ್ಲಿ ಹುಟ್ಟುವ ಇಂತಹ ತಂಡಗಳು ಬಹುಪಾಲು ಕೆಲವೇ ವರ್ಷಗಳಲ್ಲಿ ಚದುರಿಹೋಗುತ್ತವೆ. ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತಂಡ ಮಾತ್ರ ಕಾಲು ಶತಮಾನವನ್ನು ದಾಟಿ ಬಂದಿದೆ. ಅದು ಉಳಿದ ಬಗೆ ನಮ್ಮ ಶಿವಮೊಗ್ಗ–ಭದ್ರಾವತಿಯ ಸಣ್ಣ ಉದ್ದಿಮೆದಾರರಿಗೆ ಪರಿಶೀಲನಾರ್ಹವಾಗಿದೆ.

ಹೆಸರೇ ವಿಚಿತ್ರ. ಆರಂಭದ ಸದಸ್ಯರಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲುಪಾಲು ಮಲಯಾಳಿ. ‘ತ್ರೀ ಮಲ್’ ಎಂಬುದನ್ನು ‘ಥರ್ಮಲ್’ ಎಂದು ತಿರುಗಿಸಿ, ಉಳಿದ ಕಾಲುಪಾಲನ್ನು ‘ಕ್ವಾರ್ಟರ್’ ಎಂದು ಸೇರಿಸಿದರು. ಒಮ್ಮೆ ಕೇಳಿದವರು ಮರೆಯಲಾರದ ಹೆಸರು. ಹಾಡುಗಾರ ಹಾಗೂ ಗಿಟಾರ್ ವಾದಕ ಬ್ರೂಸ್ ಲೀ ಮಣಿ, ಡ್ರಮ್ಸ್ ವಾದಕ ರಾಜೀವ್ ರಾಜಗೋಪಾಲ್ ಇವರಿಬ್ಬರು ಆರಂಭದಿಂದ ಇದ್ದಾರೆ; ಉಳಿದ ಪಾಲುದಾರರು ಬದಲಾಗಿದ್ದಾರೆ.

ಅವರು ಕಾಲಿಟ್ಟ ಕಾಲದಲ್ಲಿ ರಾಕ್ ವೇದಿಕೆಗಳಲ್ಲಿ ವಿದೇಶಿ ತಂಡಗಳ ಹಾಡುಗಳನ್ನು ಯಥಾವತ್ತಾಗಿ ನುಡಿಸುವವರಿಗೇ ಬೇಡಿಕೆ. ಧ್ವನಿಮುದ್ರಿಕೆಯ ಕಂಪನಿಗಳಿಗಾದರೋ ಚಿತ್ರಗೀತೆಗಳೇ ಮುಖ್ಯ ಆದಾಯ. ಈ ತಂಡವು ಸ್ವಂತ ಹಾಡುಗಳನ್ನು ರಚಿಸಿತು. ಭಾಷೆ ಇಂಗ್ಲಿಷ್ ಆದರೂ, ಜಾಸ್ ಮುಂತಾದವನ್ನು ಬೆರೆಸಿದ ತಮ್ಮ ಶೈಲಿಗೆ ‘ಬೆಂಗಳೂರು ರಾಕ್’ ಎಂದೇ ಹೆಸರಿಟ್ಟುಕೊಂಡರು. 2000ದಲ್ಲಿ ಹೊರಬಂದ ಮೊದಲ ಆಲ್ಬಂಗೆ ತಮ್ಮ ಅಂತರಜಾಲ ವಿಳಾಸವನ್ನೇ ಶೀರ್ಷಿಕೆಯಾಗಿ ಕೊಟ್ಟರು; ಸರಕಿನ ಮೇಲೆಯೇ ಅಂಗಡಿಯ ವಿಳಾಸ ಬರೆದಂತಾಯಿತು. 2002ರಲ್ಲಿ ‘ಜುಪಿಟರ್ ಕೆಫೆ’ ಬಂದಿತು. 2005ರ ‘ಪ್ಲಾನ್ ಬಿ’ ಆಲ್ಬಂ ಅನ್ನು ಅಂತರಜಾಲದಲ್ಲಿ ಉಚಿತವಾಗಿಯೇ ಬಿಟ್ಟರು.

ಸರಕನ್ನು ಪುಕ್ಕಟೆ ಹಂಚುವುದು ವ್ಯಾಪಾರವೇ ಎಂದು ಕೇಳುವವರುಂಟು. ನನ್ನ ಗ್ರಹಿಕೆಯಲ್ಲಿ ಇದು ಲೆಕ್ಕಾಚಾರದ ನಡೆ. ದೇಶದ ಅಂಗಡಿಗಳಿಗೆಲ್ಲ ಸಿ.ಡಿ. ತಲುಪಿಸುವ ಜಾಲ ಸಣ್ಣ ತಂಡಕ್ಕೆ ಎಲ್ಲಿಯದು? ಹಾಡು ಕೇಳಿದವನು ಮುಂದೆ ಕಾರ್ಯಕ್ರಮಕ್ಕೆ ಬರುತ್ತಾನೆ. ಮಾದರಿ ಕೊಟ್ಟು ಗಿರಾಕಿಯನ್ನು ಗಳಿಸುವ ಕ್ರಮ ನಮ್ಮ ಗಾಂಧಿ ಬಜಾರಿಗೂ ಹೊಸದಲ್ಲ. 2012ರಲ್ಲಿ ಈ ತಂಡವು ತನ್ನ ಊರಿನ ಆಟೋರಿಕ್ಷಾ ಬದುಕನ್ನು ಹಿಡಿದು ಮೂರು ಡಿಸ್ಕುಗಳ ‘ತ್ರೀ ವ್ಹೀಲ್ಸ್ ನೈನ್ ಲೈವ್ಸ್’ ಎಂಬ ಸಂಗ್ರಹವನ್ನು ಹೊರತಂದಿತು. ಅದೇ ದಶಕದಲ್ಲಿ ‘ಟಾಕಾಡೆಮಿ’ ಎಂಬ ಸಂಗೀತ ಶಾಲೆಯನ್ನೂ ಬೆಳೆಸಿತು. ಕಾರ್ಯಕ್ರಮಗಳಿಲ್ಲದ ತಿಂಗಳಲ್ಲಿಯೂ ಪಾಠದ ಶುಲ್ಕ ಬರುತ್ತದೆ. ಕೈಯಲ್ಲಿದ್ದ ಕೌಶಲವೇ ಎರಡನೆಯ ಸರಕಾಯಿತು.

ಈ ಪಯಣದಿಂದ ಅವರು ಭಾರಿ ಶ್ರೀಮಂತರಾದರೆಂದು ನಾನು ವಾದಿಸುತ್ತಿಲ್ಲ. ಹೆಸರು ತಮ್ಮದು, ಹಾಡಿನ ಒಡೆತನ ತಮ್ಮದು, ಆದಾಯದ ಬಾಗಿಲುಗಳು ಒಂದಕ್ಕಿಂತ ಹೆಚ್ಚು ಎಂಬ ಸ್ಥಿತಿಯೇ ಅವರನ್ನು ಉಳಿಸಿತು ಎಂಬುದು ನನ್ನ ಅಭಿಪ್ರಾಯ.

ಈಗ ನಮ್ಮ ಅಂಗಳವನ್ನು ನೋಡೋಣ. ಭದ್ರಾವತಿಯ ವರ್ಕ್‌ಶಾಪುಗಳು ಎರಡು ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದವು. ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದು, ಅದೇ ವರ್ಷ ಭಾಗಶಃ ಕೆಲಸ ಮರಳಿದರೂ ಆತಂಕ ತೀರಲಿಲ್ಲ. ಶಿವಮೊಗ್ಗದ ಫೌಂಡ್ರಿ, ಮಷೀನ್ ಶಾಪುಗಳ ಪೈಕಿಯೂ ಅನೇಕವು ಇನ್ನೊಬ್ಬರ ಡ್ರಾಯಿಂಗಿಗೆ ಬಿಡಿಭಾಗ ಮಾಡಿಕೊಡುತ್ತವೆ. ಸರಕು ನಮ್ಮದು, ಮುದ್ರೆ ಅವರದು. ಖರೀದಿದಾರ ಆರ್ಡರ್ ನಿಲ್ಲಿಸಿದರೆ ನಮ್ಮ ಕುಲುಮೆ ಆರುತ್ತದೆ. 2006ರ ಕಾಯಿದೆಯು ಸಣ್ಣ ಉದ್ದಿಮೆಗಳ ಬಾಕಿ ಪಾವತಿಗೆ ಗರಿಷ್ಠ 45 ದಿನಗಳ ಮಿತಿ ಹಾಕಿದೆ. ಆದರೆ ಒಬ್ಬನೇ ಗಿರಾಕಿಯನ್ನು ನಂಬಿದವನು ಅವನ ಮೇಲೆ ದೂರು ಕೊಡಲು ಧೈರ್ಯ ಮಾಡುವುದುಂಟೇ?

ಹಾಡಿಗೂ ಎರಕಕ್ಕೂ ವ್ಯತ್ಯಾಸವಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಚ್ಚು, ಕಚ್ಚಾವಸ್ತು, ವಿದ್ಯುತ್ತಿಗೆ ಹಣ ಸುರಿಯಬೇಕು. ಎರಕವನ್ನು ಉಚಿತವಾಗಿ ಹಂಚಲಾಗದು. ಜಾಬ್ ವರ್ಕನ್ನು ಬಿಡಿರೆಂದು ಹೇಳುವುದು ಅವಿವೇಕ. ಅದರಿಂದ ಬಂದ ಹಣದ ಒಂದು ಪಾಲನ್ನು ಸ್ವಂತ ಹೆಸರಿನ ಒಂದೇ ಒಂದು ಉತ್ಪನ್ನಕ್ಕೆ ತೊಡಗಿಸಿರಿ ಎಂಬುದಷ್ಟೇ ನನ್ನ ನಿವೇದನೆ. ಅಡಿಕೆ ಸುಲಿಯುವ ಯಂತ್ರವಾಗಲಿ, ಪಂಪಿನ ಭಾಗವಾಗಲಿ, ನಮ್ಮ ಜಿಲ್ಲೆಯ ರೈತನ ಅಗತ್ಯದಿಂದಲೇ ಆರಂಭಿಸಬಹುದು. ಅವರು ಆಟೋರಿಕ್ಷಾದಲ್ಲಿ ಹಾಡು ಕಂಡಂತೆ ನಮಗೆ ತೋಟದಲ್ಲಿ ಸರಕು ಕಾಣಬೇಕು. ಹೆಸರಿಟ್ಟ ದಿನವೇ ಟ್ರೇಡ್‌ಮಾರ್ಕ್ ನೋಂದಣಿಗೆ ಅರ್ಜಿ ಸಲ್ಲಿಸುವುದು ಲೇಸು.

ಕೌಶಲವನ್ನೇ ಮಾರುವ ಎರಡನೆಯ ದಾರಿಯಲ್ಲಿ ನಮ್ಮ ಸಂಘದ ಪಾತ್ರ ದೊಡ್ಡದು. ಭದ್ರಾವತಿಯಲ್ಲಿ ನಿವೃತ್ತರಾದ ಪ್ಯಾಟರ್ನ್ ಮೇಕರ್‌ಗಳು, ಮೋಲ್ಡರ್‌ಗಳು, ಫಿಟ್ಟರ್‌ಗಳು ಇದ್ದಾರೆ. ಅವರ ಅನುಭವ ಅವರೊಂದಿಗೇ ಕಳೆದುಹೋದರೆ ಅದನ್ನು ಯಾವ ಕಾಲೇಜೂ ತುಂಬಿಕೊಡಲಾರದು. ಆಸಕ್ತ ಸದಸ್ಯರ ವರ್ಕ್‌ಶಾಪುಗಳಲ್ಲಿಯೇ ಸಂಜೆಯ ತರಗತಿಗಳನ್ನು ಏರ್ಪಡಿಸಿ, ಶುಲ್ಕ ನಿಗದಿಪಡಿಸಿ, ಕಲಿಸುವ ಹಿರಿಯರಿಗೂ ಸ್ಥಳ ಕೊಟ್ಟ ಉದ್ದಿಮೆಗೂ ಪಾಲು ಸಲ್ಲುವಂತೆ ಸಂಘವು ಒಂದು ಯೋಜನೆಯನ್ನು ರೂಪಿಸಬೇಕು. ಇದನ್ನು ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ಕೋರುತ್ತೇನೆ.