ಕೊರವ ಮೀನಿಗೆ ಯಾವ ಮೆಟ್ಟಿಲು?

ಮೀನಿಗೆ ಕಿವಿರು, ಕಪ್ಪೆಗೆ ಚರ್ಮದ ಜೊತೆಗೊಂದು ಅರೆಬರೆ ಶ್ವಾಸಕೋಶ, ಹಲ್ಲಿಗೆ ಅದಕ್ಕಿಂತ ವಾಸಿಯಾದದ್ದು, ಕೊನೆಗೆ ಮನುಷ್ಯನಿಗೆ ಪರಿಪೂರ್ಣವಾದದ್ದು. ಶಾಲೆಯಲ್ಲಿ ಉಸಿರಾಟದ ಪಾಠ ನಮಗೆಲ್ಲ ಹೀಗೊಂದು ಏಣಿಯಾಗಿಯೇ ಬಂತು. ಪಾಠ ಹೇಳಿದ ಮೇಷ್ಟ್ರ ಮೇಲೆ ಗೌರವವಿದೆ. ಏಣಿಯ ಮೇಲೆ ಮಾತ್ರ ನಂಬಿಕೆ ಇಲ್ಲ.

ನಮ್ಮ ಉಸಿರನ್ನೇ ನೋಡಿ. ಗಾಳಿ ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಒಂದೇ ಬಾಗಿಲಿನ ಬಸ್ಸಿನ ಹಾಗೆ. ಸುಮ್ಮನೆ ಕೂತಾಗ ಒಂದು ಸಲಕ್ಕೆ ಎಳೆದುಕೊಳ್ಳುವುದು ಸುಮಾರು 500 ಮಿಲಿಲೀಟರ್. ಅದರಲ್ಲಿ 150ರಷ್ಟು ಗಂಟಲು, ಶ್ವಾಸನಾಳಗಳಲ್ಲೇ ನಿಂತು ಹಾಗೇ ಮರಳುತ್ತದೆ. ರಕ್ತದ ಹತ್ತಿರವೂ ಸುಳಿಯುವುದಿಲ್ಲ.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟುವ ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಅದರ ಶ್ವಾಸಕೋಶ ನಮ್ಮದರಂತೆ ಉಬ್ಬಿ ಕುಗ್ಗುವುದಿಲ್ಲ. ಆ ಕೆಲಸ ಗಾಳಿಚೀಲಗಳದ್ದು, ಕುಲುಮೆಯ ತಿದಿಯಂತೆ. ಎಳೆದ ಗಾಳಿಯ ಬಹುಪಾಲು ಮೊದಲು ಹಿಂದಿನ ಚೀಲಗಳಿಗೆ ಹೋಗುತ್ತದೆ. ಉಸಿರು ಬಿಟ್ಟಾಗ ಶ್ವಾಸಕೋಶಕ್ಕೆ, ಮತ್ತೆ ಎಳೆದಾಗ ಮುಂದಿನ ಚೀಲಗಳಿಗೆ, ಮತ್ತೆ ಬಿಟ್ಟಾಗ ಹೊರಕ್ಕೆ. ಒಂದು ಗುಟುಕು ಗಾಳಿಗೆ ಎರಡು ಉಸಿರಿನ ಪ್ರಯಾಣ. ಹೀಗಾಗಿ ಎಳೆಯುವಾಗಲೂ ಬಿಡುವಾಗಲೂ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತಿರುತ್ತದೆ. (ಮೊಸಳೆಯ ಶ್ವಾಸಕೋಶದಲ್ಲೂ ಇಂಥದೇ ಹರಿವಿದೆ ಎಂದು 2010ರಲ್ಲಿ ಗೊತ್ತಾಯಿತು.)

ಹಾಗಾದರೆ ಹಕ್ಕಿಯನ್ನೇ ಮೇಲೆ ಕೂರಿಸೋಣ ಎನ್ನುವಿರಾ? ಅದೂ ಬೇಡ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ 1980ರ ದಶಕದವರೆಗೂ ಕೆನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ಗಾಳಿಯನ್ನು ಅಷ್ಟು ಚೆನ್ನಾಗಿ ಹೀರುವ ಎದೆ ವಿಷಾನಿಲವನ್ನೂ ಅಷ್ಟೇ ಚೆನ್ನಾಗಿ ಹೀರುತ್ತದೆ. ಗಣಿಯವನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು.

ಏಣಿಯ ಬುಡವೂ ಗಟ್ಟಿಯಿಲ್ಲ. ಮೀನಿನ ಗಾಳಿಬುರುಡೆಯೇ ಮುಂದೆ ಶ್ವಾಸಕೋಶವಾಯಿತು ಎಂದು ಡಾರ್ವಿನ್ ಭಾವಿಸಿದ್ದ. ಇಂದಿನ ವಿಜ್ಞಾನಿಗಳು ಇದನ್ನು ತಿರುವಿ ಹಾಕಿದ್ದಾರೆ: ಪುರಾತನ ಮೀನುಗಳಲ್ಲಿ ಶ್ವಾಸಕೋಶವೇ ಮೊದಲು, ಗಾಳಿಬುರುಡೆ ಆಮೇಲಿನದು.

ಮೀನು ಮಾರುವವರ ಟಬ್ಬಿನಲ್ಲಿ ಕೊರವ ಮೀನನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಆಗಾಗ ಮೇಲೆ ಬಂದು, ಬಾಯಿ ತೆರೆದು, ಗಾಳಿ ನುಂಗಿ ಕೆಳಗಿಳಿಯುತ್ತದೆ. ಮೇಲೆ ಬರಲು ಬಿಡದಿದ್ದರೆ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ; ಕಿವಿರು ಇದ್ದೂ ಸಾಲದು. ಪಠ್ಯ ಬರೆಯುವವರಲ್ಲಿ ಒಂದೇ ಕೋರಿಕೆ: ಮುಂದಿನ ಮುದ್ರಣದಲ್ಲೂ ಆ ಏಣಿ ಇರಲೇಬೇಕೆಂದರೆ, ಇದನ್ನು ಯಾವ ಮೆಟ್ಟಿಲಲ್ಲಿ ಕೂರಿಸುತ್ತೀರಿ ಎಂದು ದಯವಿಟ್ಟು ತಿಳಿಸಿ.