ಮೂಲ ಉಳಿಯಲಿ, ತಿದ್ದುಪಡಿ ಬೇರೆಯಿರಲಿ

ಹಳೆಯ ಛಾಯಾಚಿತ್ರವನ್ನು ತಿದ್ದುವುದು ತಪ್ಪಲ್ಲ. ಮೂಲವನ್ನು ಅಳಿಸಿ ತಿದ್ದುವುದು ತಪ್ಪು. ಇದು ಸ್ಟುಡಿಯೋದವರಿಗಷ್ಟೇ ಅಲ್ಲ, ಮನೆಯಲ್ಲಿ ಹಿರಿಯರ ಭಾವಚಿತ್ರವಿರುವ ಎಲ್ಲರಿಗೂ ಸಂಬಂಧಿಸಿದ ಮಾತು.

ಭದ್ರಾವತಿಯ ಪರಿಚಿತ ಕುಟುಂಬವೊಂದರಲ್ಲಿ ಅಜ್ಜನ ಒಂದೇ ಒಂದು ಭಾವಚಿತ್ರವಿತ್ತು. 1918ರಲ್ಲಿ ಸ್ಥಾಪನೆಗೊಂಡ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಜೀವ ಅದು. ಚಿತ್ರದಲ್ಲಿ ಅವರ ಹಿಂದೆ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದ ಚಿತ್ರವನ್ನು ಸರಿಪಡಿಸಲು ಶಿವಮೊಗ್ಗದ ಒಂದು ಸ್ಟುಡಿಯೋಗೆ ಕೊಟ್ಟರು. ಮರಳಿ ಬಂದಾಗ ಅಜ್ಜನ ಮುಖ ಬೆಳ್ಳಗಾಗಿತ್ತು, ಹಣೆಯ ಮೇಲಿನ ಗಾಯದ ಗುರುತು ಮಾಯವಾಗಿತ್ತು, ಚಿಮಣಿಯಿದ್ದಲ್ಲಿ ಹೂದೋಟ ಅರಳಿತ್ತು! ಕಾಗದದ ಪ್ರತಿಯು ಸ್ಕ್ಯಾನ್ ಆದ ಮೇಲೆ ಗಾಜಿನಿಂದ ಬಿಡಿಸುವಾಗ ಹರಿದುಹೋಗಿತ್ತು. ಮೊದಲ ಸ್ಕ್ಯಾನ್ ಆದರೂ ಕೊಡಿ ಎಂದು ಕೇಳಿದರೆ, ಅದರ ಮೇಲೆಯೇ ತಿದ್ದಿ ಸೇವ್ ಮಾಡಿದ್ದೇವೆ ಎಂಬ ಉತ್ತರ ಬಂತು. ದುಡಿಮೆಯ ಗುರುತು, ಊರಿನ ಗುರುತು ಎರಡೂ ಒಂದೇ ಏಟಿಗೆ ಅಳಿದವು.

ಫಿಲ್ಮ್ ಕಾಲದಲ್ಲಿ ಹೀಗಾಗುವುದು ಅಷ್ಟು ಸುಲಭವಿರಲಿಲ್ಲ. ಕತ್ತಲೆಕೋಣೆಯಲ್ಲಿ ಮುದ್ರಿಸುವಾಗ ಒಂದು ಭಾಗಕ್ಕೆ ಬೆಳಕು ಹೆಚ್ಚಿಸಿ, ಇನ್ನೊಂದಕ್ಕೆ ತಗ್ಗಿಸಿ ಎಷ್ಟೇ ಕೈಚಳಕ ತೋರಿದರೂ ನೆಗೆಟಿವ್ ಹಾಗೆಯೇ ಉಳಿಯುತ್ತಿತ್ತು. ನೆಗೆಟಿವ್ ಮೇಲೆಯೇ ಪೆನ್ಸಿಲ್ ಆಡಿಸುವವರೂ ಇದ್ದರೆಂಬುದು ನಿಜ. ಆದರೆ ಅದಕ್ಕೆ ನುರಿತ ಕೈ, ತಾಳ್ಮೆ ಎರಡೂ ಬೇಕಿತ್ತು. ಇಂದು ಒಂದು ಗುಂಡಿ ಒತ್ತಿದರೆ ಸಾಕು, ಮೂಲವು ಇಲ್ಲವಾಗುತ್ತದೆ.

ವಿಪರ್ಯಾಸವೆಂದರೆ, ಮೂಲವನ್ನು ಕಾಪಾಡುವ ಉಪಾಯವೂ ಇದೇ ಗಣಕದಲ್ಲಿದೆ. ಫೋಟೋಶಾಪ್‌ಗೆ 1994ರಲ್ಲಿಯೇ ಲೇಯರ್ ಎಂಬ ಪದರಗಳು ಬಂದವು. ಕೆಳಗಿನ ಚಿತ್ರವನ್ನು ಮುಟ್ಟದೆ ಮೇಲಿನ ಪದರದಲ್ಲಿ ತಿದ್ದಬಹುದು. ಬೇಡವಾದರೆ ಆ ಪದರವನ್ನು ಮರೆಮಾಡಬಹುದು. 2007ರಲ್ಲಿ ಬಂದ ಲೈಟ್‌ರೂಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಮೂಲ ಚಿತ್ರದ ಬಿಂದುಗಳನ್ನು ಬದಲಿಸುವುದೇ ಇಲ್ಲ. ಬೆಳಕು ಇಷ್ಟು ಹೆಚ್ಚಿಸು, ಅಂಚು ಇಷ್ಟು ಕತ್ತರಿಸು ಎಂಬ ಸೂಚನೆಗಳನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್ ಕೂಡ ಹೀಗೆಯೇ. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ವಿವರ ನಷ್ಟವಾಗುತ್ತದೆ. ಮೂಲವನ್ನು ಮುಟ್ಟದ ಕ್ರಮದಲ್ಲಿ ಆ ಭಯವಿಲ್ಲ.

ಕನ್ನಡ ವಿದ್ವಾಂಸರಿಗೆ ಈ ಶಿಸ್ತು ಹೊಸದೇನಲ್ಲ. ಡಿ.ಎಲ್. ನರಸಿಂಹಾಚಾರ್ ಅವರು 'ಕನ್ನಡ ಗ್ರಂಥಸಂಪಾದನೆ' ಎಂಬ ಪುಸ್ತಕವನ್ನೇ ಬರೆದರು. ಓಲೆಗರಿಯ ಪಾಠವು ದೋಷವೆಂದು ಕಂಡರೂ ಸಂಪಾದಕನು ಅದನ್ನು ಎಸೆಯುವುದಿಲ್ಲ. ತಾನು ಒಪ್ಪಿದ ಪಾಠವನ್ನು ಮೇಲಿಟ್ಟು, ಉಳಿದುದನ್ನು ಪಾಠಾಂತರವೆಂದು ಅಡಿಯಲ್ಲಿ ಕೊಡುತ್ತಾನೆ. ನಾಳೆ ಬರುವವನು ಇನ್ನೊಂದು ತೀರ್ಮಾನಕ್ಕೆ ಬರಬಹುದೆಂಬ ವಿನಯ ಅದರಲ್ಲಿದೆ. ಒಂದು ಕಾವ್ಯಕ್ಕೆ ಸಲ್ಲುವ ಗೌರವ ಒಬ್ಬ ಕಾರ್ಮಿಕನ ಮುಖಕ್ಕೂ ಸಲ್ಲಬೇಡವೇ?

ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವೆಲ್ಲಿದೆ ಎಂದು ಕೆಲವರು ಕೇಳಬಹುದು. ಒಂದು ಮದುವೆಯ ಸಾವಿರಾರು ಚಿತ್ರಗಳಿಗೆ ಜಾಗವಿದ್ದರೆ ಅಜ್ಜನ ಒಂದು ಚಿತ್ರಕ್ಕೂ ಇರಲೇಬೇಕು. ಮೂಲವನ್ನು ಉಳಿಸಿಕೊಂಡೇ ಸುಳ್ಳು ಚಿತ್ರ ಮಾಡಬಹುದಲ್ಲ ಎಂಬ ಆಕ್ಷೇಪವೂ ಇದೆ. ಮಾಡಬಹುದು, ಆದರೆ ಆಗ ಆ ಸುಳ್ಳನ್ನು ಹೋಲಿಸಿ ನೋಡಲು ಒಂದು ಸಾಕ್ಷಿಯಾದರೂ ಉಳಿದಿರುತ್ತದೆ.

ಆದ್ದರಿಂದ ಸ್ಟುಡಿಯೋದವರಲ್ಲಿ ನನ್ನ ವಿನಂತಿ ಇಷ್ಟೇ. ತಿದ್ದುವ ಮೊದಲು ಸ್ಕ್ಯಾನನ್ನು ಟಿಫ್ ಕಡತವಾಗಿ ಪ್ರತ್ಯೇಕವಾಗಿಡಿ; ತಿದ್ದಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ; ಎರಡನ್ನೂ ಮನೆಯವರಿಗೆ ಕೊಡಿ. ಓದುಗರೇ, ನೀವೂ ಚಿತ್ರ ಕೊಡುವ ದಿನವೇ ಇದನ್ನು ಕೇಳಿರಿ, ಹಣ ಕೊಡುವ ದಿನವಲ್ಲ. ಬೂಷ್ಟು ತೆಗೆಯುವುದು ಸೇವೆ. ಗಾಯದ ಗುರುತು ಇರಬೇಕೋ ಬೇಡವೋ ಎಂಬುದನ್ನು ಮನೆಯವರು ತೀರ್ಮಾನಿಸಲಿ; ಆ ತೀರ್ಮಾನವನ್ನು ಮುಂದೆ ಮೊಮ್ಮಕ್ಕಳು ಬದಲಿಸಬೇಕೆಂದರೆ ಅದಕ್ಕೂ ದಾರಿ ತೆರೆದಿರಲಿ.